ಹತ್ತು ಮರದ ಮೆಣಸಲ್ಲಿ ಒಂದು ಹುಡುಗಿಯ ಪಿಯುಸಿ: ನನ್ನ ಅನುಭವ

ಕೊಡಗಿನ ಸಿದ್ದಾಪುರ ಕಡೆ ನಮ್ದು ಏಳೆಕರೆ ತೋಟ, ರೊಬಸ್ಟಾ ಕಾಫಿನೇ ಜಾಸ್ತಿ. ಅಕ್ಕಪಕ್ಕದ ತೋಟಗಳ ಲೈನ್ ಮನೆ (ಕೂಲಿಯವರ ಸಾಲು ಮನೆ) ಹುಡುಗೀರನ್ನ ಓದಿಸ್ತೀನಿ ಅಂತ ಹೊರಟು ಹನ್ನೊಂದೋ ಹನ್ನೆರಡೋ ವರ್ಷ ಆಯ್ತು. ಮೊದಲ ನಾಲ್ಕು ವರ್ಷ ಬರೀ ನಷ್ಟ. ಮದುವೆ ಮನೇಲಿ ಸಿಕ್ಕೋರೆಲ್ಲ "ಇವರನ್ನೂ ಓದಿಸಿಬಿಟ್ರೆ ಕಾಫಿ ಕುಯ್ಯೋಕೆ ನೀನೇ ಬರ್ತೀಯಾ" ಅಂತ ನಗ್ತಿದ್ರು. ಈಗ ಅವರಲ್ಲೇ ಇಬ್ಬರು ಹುಡುಗೀರ ಓದಿಗೆ ಅಂತ ನಂಗೆ ಮೆಣಸು ಕೊಡ್ತಾರೆ, ಅದನ್ನ ಹೇಳ್ಕೊಳೋಕೇ ಅರ್ಧ ಇದನ್ನ ಬರೀತಿರೋದು.

ತಪ್ಪು ಎಲ್ಲಾಗಿತ್ತು ಅಂದ್ರೆ ನಾನು ಫೀಸು ಕಟ್ತಾ ಇದ್ದೆ. ಮೊದಲ ವರ್ಷ ಅಪ್ಪಂದಿರ ಕೈಗೆ ಕ್ಯಾಶ್ ಕೊಟ್ಟೆ, ಅದು ಎಲ್ಲಿಗೆ ಹೋಯ್ತು ಅಂತ ನಿಮಗೂ ಗೊತ್ತು. ಮರುವರ್ಷ ಬುದ್ಧಿ ಬಂದು ನೇರ ಕಾಲೇಜಿಗೇ ಕಟ್ಟಿದೆ, ಯೂನಿಫಾರ್ಮು, ನೋಟ್‌ಬುಕ್ಕು ಎಲ್ಲ. ಆರು ಜನರಲ್ಲಿ ನಾಲ್ಕು ಜನ ಜನವರಿ ಹೊತ್ತಿಗೆ ನಾಪತ್ತೆ. ಹುಡುಕ್ಕೊಂಡು ಹೋದ್ರೆ ಸೊಂಟಕ್ಕೆ ಚೀಲ ಕಟ್ಕೊಂಡು ಕಾಫಿ ಕುಯ್ತಾ ನಿಂತಿದಾರೆ, ಅದರಲ್ಲಿ ಒಬ್ಬಳು ನಮ್ಮ ತೋಟದಲ್ಲೇ!

ಆವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಆಗ ಕೆಜಿಗೆ ನಾಲ್ಕು, ನಾಲ್ಕೂವರೆ ರೂಪಾಯಿ ಕುಯ್ಲು ಕೂಲಿ, ಕೈ ಓಡೋ ಹುಡುಗಿ ದಿನಕ್ಕೆ ಎಪ್ಪತ್ತು ಕೆಜಿ ಕುಯ್ತಾಳೆ, ಸೀಸನ್ ಎರಡೂವರೆ ತಿಂಗಳು ಅಂದ್ರೂ ಹದಿನೆಂಟು ಸಾವಿರದ ಹತ್ರ ಬಂತು. ಮನೆ ಮೇಲೆ ಮಾಲೀಕರ ಅಡ್ವಾನ್ಸ್, ಅಂದ್ರೆ ದುಡಿದು ತೀರಿಸ್ಬೇಕಾದ ಸಾಲ, ಬೇರೆ ಇರುತ್ತೆ. ನಾನು ಮೂರು ಸಾವಿರ ಫೀಸು ಕಟ್ಟಿ ದೊಡ್ಡ ದಾನಿ ಥರ ಫೋಟೋ ತೆಗೆಸ್ಕೊಂಡಿದ್ದೆ, ಆ ತಾಯಿ ಮಗಳನ್ನ ಕಾಲೇಜಿಗೆ ಕಳ್ಸಿ ಹದಿನೆಂಟು ಸಾವಿರ ಕಳ್ಕೋಬೇಕಿತ್ತು. ಯಾರು ದಾನಿ ಹೇಳಿ.

ಅಲ್ಲಿಂದ ಫೀಸಿನ ತಂಟೆ ಬಿಟ್ಟೆ, ಅದಕ್ಕೆ ಎಸ್‌ಎಸ್‌ಪಿ (ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಇದೆ, ಆಧಾರಿನ ಹೆಸರು ಸರಿ ಮಾಡ್ಸಿ ಬ್ಯಾಂಕಿಗೆ ಲಿಂಕ್ ಮಾಡ್ಸೋಕೆ ಎರಡು ದಿನ ಓಡಾಡಿದ್ರೆ ಆಯ್ತು. ನನ್ನ ದುಡ್ಡು ಡಿಸೆಂಬರ್, ಜನವರಿ, ಫೆಬ್ರವರಿಗೆ ಮಾತ್ರ: ತಿಂಗಳಿಗೆ ಐದು ಸಾವಿರ, ತಾಯಿ ಅಕೌಂಟಿಗೆ, ಹುಡುಗಿ ಹಾಜರಿ ಸರಿ ಇದ್ರೆ. ಎಪ್ಪತ್ತೈದು ಪರ್ಸೆಂಟ್ ಇಲ್ದಿದ್ರೆ ಪರೀಕ್ಷೆಗೇ ಕೂರ್ಸಲ್ವಲ್ಲ. ಹಾಜರಿ ನಂಗೆ ಹೇಗೆ ಗೊತ್ತಾಗುತ್ತೆ ಅಂತ ಎಲ್ರೂ ಕೇಳ್ತಾರೆ, ಅದನ್ನ ಇಲ್ಲಿ ಹೇಳಲ್ಲ, ಹೇಳಿದ್ರೆ ಮುಂದಿನ ವಾರವೇ ದಾರಿ ಮುಚ್ಚುತ್ತೆ.

ದುಡ್ಡು ಎಲ್ಲಿಂದ ಅನ್ನೋದೇ ದೊಡ್ಡ ಕಥೆ. ಪ್ಲಾಂಟರ್‌ಗಳ ಹತ್ರ ಕ್ಯಾಶ್ ಕೇಳಿದ್ರೆ ಪ್ರತಿ ವರ್ಷ "ಈ ಸಲ ಕ್ರಾಪೇ ಇಲ್ಲ". ಹತ್ತು ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯ ಮೆಣಸು ಕೊಡಿ ಅಂದೆ ನೋಡಿ, ತಕ್ಷಣ ಹ್ಞೂಂ ಅಂದ್ರು! ಮರದಲ್ಲಿರೋದು ಇನ್ನೂ ದುಡ್ಡಾಗಿರಲ್ವಲ್ಲ, ಕೊಡೋಕೆ ನೋವಾಗಲ್ಲ. ಹತ್ತು ಮರಕ್ಕೆ ಒಣಗಿಸಿದ ಮೇಲೆ ಹದಿನೈದಿಪ್ಪತ್ತು ಕೆಜಿ. ಮರಕ್ಕೆ ಹುಡುಗಿ ಹೆಸರಿನ ತಗಡು ಹೊಡೆದೆ, ಜನ ಮತ್ತೆ ನಕ್ಕರು.

2018ರ ಆಗಸ್ಟ್ ಮಳೆಗೆ ಮಾದಾಪುರ ಕಡೆಯ ಒಬ್ಬರ ಗುಡ್ಡವೇ ಜಾರಿ ಹೋಯ್ತು, ಮರ ಎಲ್ಲಿ ಅಂತ ಕೇಳೋದು. ಮರುವರ್ಷ ಸೊರಗು ರೋಗ ಬಂದು ಇನ್ನೊಬ್ಬರ ಹತ್ತರಲ್ಲಿ ಆರು ಬಳ್ಳಿ ಒಣಗಿತು, ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೀರಿ ಅಂತ ಬೊಬ್ಬೆ ಹಾಕಿದ್ದೆ, ಕೇಳಿರ್ಲಿಲ್ಲ. ಅಲ್ಲಿಂದ ಹೆಸರಿಗೆ ಮಾತ್ರ ಮರ, ಕೊಡೋ ಲೆಕ್ಕ ಕೆಜಿಯಲ್ಲಿ. ಆಮೇಲೆ ಮೆಣಸಿನ ರೇಟು ಕೆಜಿಗೆ ಮುನ್ನೂರರ ಸುತ್ತ ಬಿದ್ದಾಗ ನಾನು ಮಾರಲಿಲ್ಲ, ಆ ಡಿಸೆಂಬರ್ ನನ್ನ ಎರಡು ಬಳೆ ಬ್ಯಾಂಕಿಗೆ ಹೋಯ್ತು, ಯಜಮಾನ್ರು ವಾರ ಮಾತಾಡ್ಲಿಲ್ಲ. ಐನೂರರ ಹತ್ರ ಬಂದಾಗ ಕೊಟ್ಟೆ, ಬಳೆ ವಾಪಸ್ ಬಂತು. ಯಾವ ತಿಂಗಳು ಮಾರ್ಬೇಕು ಅನ್ನೋದಕ್ಕೆ ನಂದೊಂದು ಲೆಕ್ಕ ಇದೆ, ಅದೂ ಇರ್ಲಿ.

ಆನೆ ಕಾಟ ಬೇರೆ. ಬೆಳಿಗ್ಗೆ ಏಳಕ್ಕೆ ತೋಟದ ರೋಡಲ್ಲಿ ಮೂರು ಕಿಲೋಮೀಟರ್ ನಡೀಬೇಕು ಅಂದ್ರೆ ಯಾವ ತಾಯಿ ಕಳಿಸ್ತಾಳೆ? 2023ರಲ್ಲಿ ಶಕ್ತಿ ಯೋಜನೆ ಬಂದಾಗ ಖುಷಿಯಾಯ್ತು, ಆದ್ರೆ ನಮ್ಮ ರೂಟಲ್ಲಿ ಪ್ರೈವೇಟ್ ಬಸ್ಸೇ ಜಾಸ್ತಿ, ಅದ್ರಲ್ಲಿ ಫ್ರೀ ಇಲ್ಲ. ಮೇನ್ ರೋಡ್ ತನಕ ಜೀಪ್ ಮಾಡ್ದೆ, ತಲೆಗೆ ತಿಂಗಳಿಗೆ ಒಂಬೈನೂರು.

ನಡುವೆ ತಲೆ ಕೆಟ್ಟು ಮೂರು ಹೊಲಿಗೆ ಮಿಷಿನ್ ತಂದಿದ್ದೆ, ಈಗ ಒಂದರ ಮೇಲೆ ಕೋಳಿ ಕೂರುತ್ತೆ. ಫೋನಲ್ಲಿ ಸ್ಪೋಕನ್ ಇಂಗ್ಲಿಷ್ ಕೊಡ್ಸಿದ್ದೂ ರೀಲ್ಸಲ್ಲಿ ಮುಗೀತು. ಸುಮ್ನೆ ಮಾಡಿದ ಒಂದೇ ಒಂದು ಕೆಲಸ ಹತ್ತಿತು: ಪಿಯುಸಿ ಓದ್ತಿದ್ದ ಎರವರ (ಇಲ್ಲಿನ ಒಂದು ಬುಡಕಟ್ಟು) ಹುಡುಗಿಗೆ ತಿಂಗಳಿಗೆ ಐನೂರು ಕೊಟ್ಟು, ಸಂಜೆ ಒಂದು-ಎರಡನೇ ಕ್ಲಾಸ್ ಮಕ್ಕಳಿಗೆ ಅವರ ಭಾಷೇಲೇ ಪಾಠ ಬಿಡಿಸಿ ಹೇಳು ಅಂದೆ. ಮನೇಲಿ ಎರವ ಮಾತು, ಸ್ಕೂಲಲ್ಲಿ ಕನ್ನಡ, ಮಕ್ಕಳು ಪೆದ್ದರಲ್ಲ, ಅರ್ಥ ಆಗ್ದೆ ಸುಮ್ನೆ ಕೂತಿರ್ತಿದ್ವು ಅಷ್ಟೆ.

ಇದುವರೆಗೆ ಮೂವತ್ತೊಂದೋ ಮೂವತ್ತೆರಡೋ ಹುಡುಗೀರು, ಇಪ್ಪತ್ತೆರಡು ಜನ ಪಿಯುಸಿ ಪಾಸು, ಅವರಲ್ಲಿ ಐದು ಜನ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ). ನಾಲ್ಕು ಜನಕ್ಕೆ ಮಧ್ಯದಲ್ಲೇ ಮದುವೆ ಮಾಡಿಬಿಟ್ರು, ಅದ್ರಲ್ಲಿ ಒಂದು ನನ್ನ ಅಸಡ್ಡೆಯಿಂದಲೇ. ನರ್ಸಿಂಗ್ ಮುಗಿಸಿದವಳೊಬ್ಬಳು ಮೈಸೂರಲ್ಲಿ ಕೆಲಸ ಮಾಡಿ ಎರಡೇ ವರ್ಷದಲ್ಲಿ ಅಮ್ಮನ ಮೇಲಿದ್ದ ನಲವತ್ತು ಸಾವಿರ ಅಡ್ವಾನ್ಸ್ ತೀರಿಸಿದ್ಲು. ಮೊನ್ನೆ ಆ ಅಮ್ಮ ಬಂದು, ಜೀಪ್ ರೇಟ್ ಏರಿದೆ, ಚಿಕ್ಕವಳಿಗೆ ಹನ್ನೆರಡು ಮರ ಮಾಡಿ ಅಂತ ಚೌಕಾಸಿಗೆ ನಿಂತ್ಲು. ಹನ್ನೊಂದಕ್ಕೆ ಒಪ್ಪಿಸಿದೀನಿ.