ತಂತಿ ಕಡಿದ ದಿನವೂ ಓಡುವ ಮೀಡಿಯಾ ಸರ್ವರ್: ನನ್ನ ಅನುಭವ

ಹೊಳಲ್ಕೆರೆ ತಾಲ್ಲೂಕಿನ ನಮ್ಮ ಊರಿಗೆ ಫೈಬರ್ ಬಂದು ಕೆಲವು ವರ್ಷಗಳಾದರೂ, ಪೈಪು ಹಾಕಲೆಂದು ರಸ್ತೆ ಬದಿ ಅಗೆದಾಗಲೆಲ್ಲ ತಂತಿ ಕಡಿದು ನಾಲ್ಕೈದು ದಿನ ಇಂಟರ್ನೆಟ್ ಇಲ್ಲದಿರುವುದು ಮಾಮೂಲು. ಅಂಥ ದಿನಗಳಲ್ಲೂ ಅಕ್ಕನ ಮದುವೆಯ ವಿಡಿಯೊ, ಊರಿನ ಬಯಲಾಟದ ರೆಕಾರ್ಡಿಂಗ್, ನಮ್ಮ ಡಿವಿಡಿಗಳಿಂದ ತೆಗೆದಿಟ್ಟ ಸಿನಿಮಾಗಳು ಟಿ.ವಿ.ಯಲ್ಲಿ ಬರಲೆಂದು ಮನೆಯ ಒಂದು ಕಂಪ್ಯೂಟರನ್ನೇ ಮೀಡಿಯಾ ಸರ್ವರ್ ಮಾಡುವ, ಅಂದರೆ ಅದರಲ್ಲಿರುವ ವಿಡಿಯೊಗಳನ್ನು ಮನೆಯ ಟಿ.ವಿ., ಫೋನುಗಳಿಗೆ ಕಳಿಸುವ ಜೆಲ್ಲಿಫಿನ್ ತಂತ್ರಾಂಶವನ್ನು ಆರಿಸಿಕೊಂಡೆ. 2018ರಲ್ಲಿ ಎಂಬಿ ಎಂಬ ಇಂಥದೇ ತಂತ್ರಾಂಶದಿಂದ ಕವಲೊಡೆದ ಈ ಮುಕ್ತ ತಂತ್ರಾಂಶದಲ್ಲಿ ಬಳಕೆದಾರರ ಖಾತೆಗಳು ನಮ್ಮ ಯಂತ್ರದಲ್ಲೇ ಇರುವುದರಿಂದ, ಲಾಗಿನ್ ಆಗಲು ಹೊರಗಿನ ಯಾವ ಸರ್ವರಿನ ಒಪ್ಪಿಗೆಯೂ ಬೇಕಿಲ್ಲ.

ಸಿನಿಮಾಗಳ ಪೋಸ್ಟರು, ವಿವರಗಳನ್ನು ಅದು ಜಾಲದಿಂದಲೇ ತರುತ್ತದೆ. ಆದ್ದರಿಂದ ಸಂಪರ್ಕವಿದ್ದಾಗ ಒಮ್ಮೆ ತರಿಸಿ, ವಿವರಗಳು ಎನ್‌ಎಫ್‌ಒ ಎಂಬ ಪಠ್ಯ ಕಡತಗಳಾಗಿ, ಪೋಸ್ಟರುಗಳು ಚಿತ್ರಗಳಾಗಿ ಸಿನಿಮಾದ ಫೋಲ್ಡರಿನಲ್ಲೇ ಉಳಿಯುವಂತೆ ಹೊಂದಿಸಿದೆ. ರೂಟರಿನಲ್ಲಿ ಸರ್ವರಿಗೆ ಒಂದು ಕಾಯಂ ಐ.ಪಿ. ವಿಳಾಸ, ಅಂದರೆ ಮನೆಯ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ ಕೊಟ್ಟೆ. ಹೊರಗಿನ ಸಂಪರ್ಕ ಹೋದರೂ ಮನೆಯೊಳಗಿನ ವೈಫೈಗೆ ಏನೂ ಆಗುವುದಿಲ್ಲ.

ಇಷ್ಟಕ್ಕೆ ಕೆಲಸ ಮುಗಿಯಿತೆಂದು ಒಂದು ಭಾನುವಾರ ಫೈಬರ್ ತಂತಿಯನ್ನು ನಾನೇ ಕಿತ್ತು ನೋಡಿದಾಗ ಸರ್ವರ್ ನೆಟ್ಟಗಿತ್ತು, ಎಡವಿದ್ದು ಅದರ ಸುತ್ತಲಿನ ಸಾಧನಗಳು. ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲವೆಂದು ಕಂಡುಕೊಂಡ ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹೊರಳಿದ್ದರಿಂದ, ನಾಲ್ಕು ಮಾರು ದೂರದ ಸರ್ವರ್ ಅದಕ್ಕೆ ಸಿಗುತ್ತಿರಲಿಲ್ಲ. ಇಂಟರ್ನೆಟ್ ಇಲ್ಲದಿದ್ದರೂ ಇದೇ ವೈಫೈನಲ್ಲಿರು ಎಂದು ಪ್ರತಿ ಫೋನಿನಲ್ಲೂ ಒಪ್ಪಿಗೆ ಕೊಡಬೇಕಾಯಿತು.

ಗಡಿಯಾರದ ತಕರಾರು ಇದಕ್ಕಿಂತ ವಿಚಿತ್ರವಾಗಿತ್ತು. ಮೊದಲು ನಾನು ಬಳಸಿದ್ದು ಅಂಗೈಯಗಲದ ಬೋರ್ಡ್ ಕಂಪ್ಯೂಟರ್. ಅದರಲ್ಲಿ ಸಮಯ ಕಾಯ್ದಿಡುವ ಸೆಲ್ ಇಲ್ಲದ್ದರಿಂದ ಕರೆಂಟು ಹೋಗಿ ಬಂದ ಮೇಲೆ ಜಾಲದಿಂದಲೇ ಸಮಯ ಕೇಳಿ ತಿಳಿಯಬೇಕು. ಜಾಲವಿಲ್ಲದಾಗ ಅದು ಹಿಂದೆ ಬರೆದಿಟ್ಟುಕೊಂಡಿದ್ದ ಹಳೆಯ ಸಮಯದಿಂದಲೇ ಎಣಿಕೆ ಮುಂದುವರಿಸುತ್ತಿತ್ತು. ನಿನ್ನೆ ಸೇರಿಸಿದ ವಿಡಿಯೊಗೆ ವಾರದ ಹಿಂದಿನ ತಾರೀಖು ಬೀಳುತ್ತಿತ್ತು. ಕಡೆಗೆ ಮೂಲೆಗೆ ಬಿದ್ದಿದ್ದ ಹಳೆಯ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿದೆ. ಅದಕ್ಕೆ ತನ್ನದೇ ಗಡಿಯಾರವಿದೆ, ಬ್ಯಾಟರಿಯೇ ಯುಪಿಎಸ್ ಆಗುತ್ತದೆ. ಸದಾ ಚಾರ್ಜಿನಲ್ಲಿರುವ ಬ್ಯಾಟರಿ ಉಬ್ಬುವ ಭಯವಿರುವುದರಿಂದ ಚಾರ್ಜಿನ ಮಿತಿಯನ್ನು ಶೇ 80ಕ್ಕೆ ಇಳಿಸಿದ್ದೇನೆ. ರೂಟರನ್ನು ಮನೆಯ ಇನ್ವರ್ಟರಿಗೆ ಸೇರಿಸಿದೆ.

ನಮ್ಮ ಹಳೆಯ ಟಿ.ವಿ.ಗೆ ಎಚ್.265 ಎಂಬ ಹೊಸ ಬಗೆಯಲ್ಲಿ ಕುಗ್ಗಿಸಿದ ವಿಡಿಯೊ ಕಡತಗಳು ಅರ್ಥವಾಗುವುದಿಲ್ಲ. ನೋಡುವಾಗಲೇ ಪರಿವರ್ತಿಸಲು ಹೋದರೆ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಅಂಥವನ್ನೆಲ್ಲ ರಾತ್ರಿ ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶಕ್ಕೆ ಹಾಕಿ ಹಳೆಯ ಬಗೆಯಾದ ಎಚ್.264 ಮಾಡಿಟ್ಟುಕೊಂಡೆ, ಜಾಗ ಹೆಚ್ಚು ಹಿಡಿದರೂ ತೊಂದರೆಯಿಲ್ಲ.

ತೋಟದ ಕೆಲಸಕ್ಕೆ ಬಿಡುವಿರುವ ಅಮಾವಾಸ್ಯೆಯಂದು ಈಗಲೂ ಒಮ್ಮೆ ತಂತಿ ಕಿತ್ತು, ಅವ್ವನ ಕೈಗೆ ರಿಮೋಟ್ ಕೊಟ್ಟು ಸುಮ್ಮನೆ ಕೂರುತ್ತೇನೆ. ಕ್ಲೌಡ್ ಬ್ಯಾಕಪ್ಪಿನ ದಾರಿ ನನಗಿಲ್ಲವಾದ್ದರಿಂದ, ಎಲ್ಲದರ ಪ್ರತಿಯಿರುವ ಇನ್ನೊಂದು ಹಾರ್ಡ್ ಡಿಸ್ಕ್ ದಾವಣಗೆರೆಯ ಅಕ್ಕನ ಮನೆಯ ಬೀರುವಿನಲ್ಲಿದ್ದು, ಅಲ್ಲಿಗೆ ಹೋದಾಗಲೆಲ್ಲ ಹೊಸ ಪ್ರತಿ ಕೊಟ್ಟು ಹಳೆಯದನ್ನು ತರುತ್ತೇನೆ.