ಗುರುತು ಸಿಗದ ಸಿಗ್ನಲ್: ಮೊದಲು ಅಳೆಯಿರಿ, ಡಿಕೋಡರ್ ಆಮೇಲೆ

ಶಾರ್ಟ್‌ವೇವ್‌ನಲ್ಲಿ ಗರಗರ ಅನ್ನುವ ಡಿಜಿಟಲ್ ಸದ್ದು ಕೇಳಿತು ಅಂದರೆ ಸಾಕು, ಹೆಚ್ಚಿನವರು ಡಿಕೋಡರ್ (ಸದ್ದನ್ನು ಅಕ್ಷರವಾಗಿಸುವ ತಂತ್ರಾಂಶ) ತೆರೆದು ಒಂದೊಂದೇ ಮೋಡ್ ಒತ್ತುತ್ತಾ ಹೋಗುತ್ತಾರೆ. ನಾಲ್ಕು ಅಕ್ಷರ ಕಂಡರೆ ‘ಸಿಕ್ತು!’ ಅಂತ ಖುಷಿ. ಬರೀ ಗದ್ದಲ ಕೊಟ್ಟರೂ ಡಿಕೋಡರ್ ಅಕ್ಷರ ಉಗುಳುತ್ತಲೇ ಇರುತ್ತದೆ, ನಂಬಬೇಡಿ. ಮಿಲಿಟರಿ ಎನ್‌ಕ್ರಿಪ್ಷನ್ ಒಡೆಯುವ ಆಸೆಯನ್ನೂ ಬಿಡಿ. ಸಿಗ್ನಲ್ ಯಾವ ಜಾತಿಯದು, ಒಳಗೆ ಬೀಗ ಇದೆಯೇ, ಇಷ್ಟು ತಿಳಿಯುವುದೇ ನಮ್ಮ ಕೆಲಸ.

ಹಂತ 1: ರಿಸೀವರ್. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ (ಬ್ರೌಸರ್‌ನಲ್ಲೇ ಕೇಳಬಹುದಾದ ರೇಡಿಯೋ ರಿಸೀವರ್) ಬಳಸಿ, ದುಡ್ಡು ಬೇಡ. ಕಂಪ್ಯೂಟರ್‌ಗೆ ಚುಚ್ಚುವ ರೇಡಿಯೋ ಡಾಂಗಲ್ ಜೊತೆ ಬರುವ ಗೇಣುದ್ದದ ಆಂಟೆನಾ ಶಾರ್ಟ್‌ವೇವ್‌ಗೆ ದಂಡ. ಮನೆಯ ಎಲ್‌ಇಡಿ ಬಲ್ಬು, ಅಗ್ಗದ ಚಾರ್ಜರ್‌ಗಳ ಗದ್ದಲ ಬೇರೆ.

ಹಂತ 2: ಯುಎಸ್‌ಬಿ ಮೋಡ್ (ಕೇಬಲ್ ಅಲ್ಲ, ರೇಡಿಯೋದ ಅಪ್ಪರ್ ಸೈಡ್‌ಬ್ಯಾಂಡ್), ಅಗಲವಾದ ಫಿಲ್ಟರ್, ನಾಯ್ಸ್ ರಿಡಕ್ಷನ್ ಆಫ್. ರೆಕಾರ್ಡಿಂಗ್ ವೇವ್ ಫೈಲ್‌ನಲ್ಲೇ ಇರಲಿ. ಎಂಪಿ3 ಬೇಡವೇ ಬೇಡ.

ಹಂತ 3: ವೇಗ ಅಳೆಯುವುದು. ಎಲ್ಲರೂ ಎಡವುವುದು ಇಲ್ಲೇ. ಉತ್ತರ ಗೊತ್ತಿರುವ ಸಿಗ್ನಲ್ ಮೇಲೆ ಮೊದಲು ಕೈ ಪಳಗಿಸಿಕೊಳ್ಳಿ. ಜರ್ಮನ್ ಹವಾಮಾನ ಇಲಾಖೆ 10100.8 ಕಿಲೋಹರ್ಟ್ಜ್‌ನಲ್ಲಿ ಆರ್‌ಟಿಟಿವೈ, ಅಂದರೆ ಎರಡು ಸ್ವರಗಳ ರೇಡಿಯೋ ಟೆಲಿಪ್ರಿಂಟರ್ ಸಿಗ್ನಲ್, ಕಳಿಸುತ್ತದೆ: 50 ಬಾಡ್ (ಸೆಕೆಂಡಿಗೆ 50 ಸಿಂಬಲ್; ಇಲ್ಲಿ ಒಂದು ಸಿಂಬಲ್ ಅಂದರೆ ಒಂದು ಬಿಟ್), ಎರಡು ಸ್ವರಗಳ ನಡುವಿನ ಅಂತರ, ಅಂದರೆ ಶಿಫ್ಟ್, 450 ಹರ್ಟ್ಜ್. ಡಯಲ್ 10099ಕ್ಕೆ ಇಟ್ಟರೆ ಎರಡೂ ಸ್ವರ ಆಡಿಯೋದ ನಡುವೆ ಬೀಳುತ್ತವೆ. ಫೈಲನ್ನು ಆಡಾಸಿಟಿ ಎಂಬ ಆಡಿಯೋ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಮ್ (ಸಮಯಕ್ಕೆ ತಕ್ಕಂತೆ ಸ್ವರಗಳನ್ನು ತೋರಿಸುವ ಚಿತ್ರ) ಮಾಡಿ ನೋಡಿ.

50 ಬಾಡ್ ಅಂದರೆ ಒಂದು ಬಿಟ್‌ಗೆ 20 ಮಿಲಿಸೆಕೆಂಡ್. ವಿಂಡೋ ಸೈಜ್ (ಸ್ಪೆಕ್ಟ್ರೋಗ್ರಾಮ್ ಒಮ್ಮೆಗೆ ನೋಡುವ ಸ್ಯಾಂಪಲ್‌ಗಳ ಸಂಖ್ಯೆ) 2048 ಇದ್ದರೆ, ಸೆಕೆಂಡಿಗೆ 44100 ಸ್ಯಾಂಪಲ್‌ನ ರೆಕಾರ್ಡಿಂಗ್‌ನಲ್ಲಿ ಅದು 46 ಮಿಲಿಸೆಕೆಂಡ್ ಆಯಿತು. ಎರಡು ಬಿಟ್ ಕಲಸಿಕೊಂಡು ಮಸಿಯಾಗುತ್ತವೆ. ‘ಸಿಗ್ನಲ್ಲೇ ಸರಿಯಿಲ್ಲ’ ಅಂತ ಎಷ್ಟೋ ಜನ ಬಿಟ್ಟುಬಿಡುವುದು ಇದಕ್ಕೇ. 512ಕ್ಕೆ ಇಳಿಸಿ. ವಿಂಡೋ ಯಾವಾಗಲೂ ಬಿಟ್‌ಗಿಂತ ಚಿಕ್ಕದಿರಬೇಕು. ಆದರೆ ತೀರಾ ಚಿಕ್ಕದಾದರೆ ಎರಡು ಸ್ವರ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಈಗ ಅತಿ ಚಿಕ್ಕ ತುಣುಕು ಹುಡುಕಿ ಅಳೆಯಿರಿ. 1000 ಭಾಗಿಸು 20, ಅಂದರೆ 50 ಬಾಡ್. ಒಂದೇ ತುಣುಕು ನೋಡಿ ತೀರ್ಮಾನ ಬೇಡ. ಫೇಡಿಂಗ್ (ಸಿಗ್ನಲ್‌ನ ಏರಿಳಿತ) ಒಂದು ಸ್ವರವನ್ನಷ್ಟೇ ನುಂಗಿ, ಇಲ್ಲದ ಬಿಟ್ ತೋರಿಸುತ್ತದೆ. ಹತ್ತಾರು ಕಡೆ ಅಳೆಯಿರಿ. ನಡುನಡುವೆ 30 ಮಿಲಿಸೆಕೆಂಡ್ ತುಣುಕು ಸಿಕ್ಕರೆ ಗಾಬರಿ ಬೇಡ, ಅದು ಪ್ರತಿ ಅಕ್ಷರದ ಕೊನೆಗೆ ಬರುವ ಒಂದೂವರೆ ಬಿಟ್‌ನ ಸ್ಟಾಪ್. ಹಳೇ ಟೆಲಿಪ್ರಿಂಟರ್ ಪದ್ಧತಿಯ ಗುರುತು ಅದೇ.

ಹಂತ 4: ಪುನರಾವರ್ತನೆ. ಸಿಗ್ನಲನ್ನು ಅದರದೇ ತಡವಾದ ಪ್ರತಿಯ ಜೊತೆ ಹೋಲಿಸುವುದಕ್ಕೆ ಆಟೋಕೋರಿಲೇಷನ್ ಅನ್ನುತ್ತಾರೆ. ಸಿಗ್ನಲ್ಸ್ ಅನಲೈಸರ್ ತಂತ್ರಾಂಶದಲ್ಲಿ ಒಂದೇ ಗುಂಡಿ. ಆ ಹವಾಮಾನ ಸಿಗ್ನಲ್‌ನಲ್ಲಿ ಏಳೂವರೆ ಬಿಟ್‌ಗೆ ಒಂದು ಅಕ್ಷರ, ಹಾಗಾಗಿ ಹೋಲಿಕೆಯ ಗ್ರಾಫ್‌ನಲ್ಲಿ 150 ಮಿಲಿಸೆಕೆಂಡ್‌ಗೊಮ್ಮೆ ಶಿಖರ. ವಾಟರ್‌ಫಾಲ್‌ನಲ್ಲಿ (ರಿಸೀವರ್ ಪರದೆಯಲ್ಲಿ ಹರಿಯುವ ಸಿಗ್ನಲ್ ಚಿತ್ರದಲ್ಲಿ) ಅವಳಿಗಳಂತೆ ಕಾಣುವ ಎರಡು ಮಿಲಿಟರಿ ಮೋಡೆಮ್‌ಗಳೂ ಇಲ್ಲೇ ಬೇರೆಯಾಗುತ್ತವೆ. ಎರಡೂ 2400 ಬಾಡ್, 1800 ಹರ್ಟ್ಜ್ ಕ್ಯಾರಿಯರ್. ನ್ಯಾಟೋದ ಮಾನದಂಡ ಸ್ಟಾನಾಗ್ 4285ರಲ್ಲಿ ಫ್ರೇಮ್ (ಮರುಕಳಿಸುವ ಕಂತು) 256 ಸಿಂಬಲ್, ಶಿಖರ 106.67 ಮಿಲಿಸೆಕೆಂಡ್‌ಗೆ. ಅಮೆರಿಕದ ಮಿಲಿಟರಿ ಮಾನದಂಡ 188-110ಎ ಆದರೆ 66.67 ಅಥವಾ 200ಕ್ಕೆ. ಕಿವಿಯಲ್ಲೇ ಗುರುತು ಹಿಡಿಯುತ್ತೇನೆ ಅನ್ನುವವರ ಜೊತೆ ಸುಮ್ನೆ ವಾದ ಬೇಡ, ಶಿಖರ ತೋರಿಸಿ.

ಹಂತ 5: ಈಗ ಡಿಕೋಡರ್. ಸ್ಟಾನಾಗ್ ಸರಿಯಾಗಿ ಬಿಚ್ಚಿದರೂ ಹೆಚ್ಚಾಗಿ ಸಿಗುವುದು ಬಿಟ್‌ಗಳ ರಾಶಿ. ಸೊನ್ನೆ, ಒಂದು ಸಮಸಮ, ಎಲ್ಲೂ ಪುನರಾವರ್ತನೆ ಇಲ್ಲ ಅಂದರೆ ಎನ್‌ಕ್ರಿಪ್ಷನ್ ಇರುವ ಸಾಧ್ಯತೆ ಜಾಸ್ತಿ. ಆದರೆ ಸ್ಕ್ರಾಂಬ್ಲರ್ (ಗುಟ್ಟಿಗಲ್ಲದೆ ಬಿಟ್‌ಗಳನ್ನು ಕಲಸುವ ಪದರ) ತೆಗೆಯದೆ ಬಿಟ್ಟರೂ ಹಾಗೇ ಕಾಣುತ್ತದೆ, ಮೊದಲು ಅದನ್ನು ನೋಡಿ. ಅಪರೂಪಕ್ಕೆ ಅದೃಷ್ಟವೂ ಖುಲಾಯಿಸುತ್ತದೆ. ಫ್ರೆಂಚ್ ನೌಕಾಪಡೆ ಪರೀಕ್ಷೆಗೆಂದು, ದಕ್ಕೆ ಬಳಿಯ ದೈತ್ಯ ಹಾಯಿಹಡಗಿನ ಬಗ್ಗೆ ಒಂದು ವಾಕ್ಯವನ್ನು ಎನ್‌ಕ್ರಿಪ್ಷನ್ ಇಲ್ಲದೆಯೇ ಕಳಿಸಿದ್ದುಂಟು. ಫ್ರೆಂಚ್ ವರ್ಣಮಾಲೆಯ ಅಕ್ಷರಗಳೆಲ್ಲ ಅದರಲ್ಲಿ ಬರುತ್ತವೆ.

ಏನೂ ಸಿಗದಿದ್ದರೆ ಫ್ರೀಕ್ವೆನ್ಸಿ, ಬಾಡ್, ಶಿಫ್ಟ್, ಶಿಖರದ ಅಂತರ ಬರೆದಿಡಿ. ಸಮಯವನ್ನು ಯುಟಿಸಿಯಲ್ಲೇ (ಜಾಗತಿಕ ಸಮಯದಲ್ಲೇ) ಬರೆಯಿರಿ. ನಮ್ಮ ಗಡಿಯಾರ ಐದೂವರೆ ಗಂಟೆ ಮುಂದಿದೆ, ತಾರೀಖೇ ತಪ್ಪಾದರೆ ಬೇರೆಯವರ ದಾಖಲೆಗೆ ತಾಳೆ ಹಾಕುವುದು ಹೇಗೆ, ಅಲ್ವಾ?