ಸ್ಲ್ಯಾಬ್ ಬೀಳುವ ಮೊದಲೇ ನೆಟ್‌ವರ್ಕ್, ಸ್ಪೀಕರ್ ಪೈಪ್ ಹಾಕಿಸಿ

ಬಳ್ಳಾರಿಯಲ್ಲಿ ಗೃಹಪ್ರವೇಶ ಮುಗಿದು ವರ್ಷ ತುಂಬುವ ಮೊದಲೇ ಕೇಬಲ್ ಎಳೆಯಲೆಂದು ಗೋಡೆ ಒಡೆಸಿದ ಮನೆಗಳನ್ನು ನಾನು ಹಲವು ನೋಡಿದ್ದೇನೆ. ಕೆಳಗಿನ ಹಾಲ್‌ನಲ್ಲಿರುವ ವೈಫೈ, ಕಬ್ಬಿಣದ ಸರಳು ತುಂಬಿದ ಸ್ಲ್ಯಾಬ್ ದಾಟಿ ಮೇಲಿನ ಕೋಣೆ ಸೇರುವಷ್ಟರಲ್ಲಿ ಸೊರಗುತ್ತದೆ. ಹಳೆಯ ಕಲ್ಲುಗೋಡೆಯ ಮನೆಯ ಮೇಲೆ ಮಹಡಿ ಕಟ್ಟಿಸಿದವರ ಪಾಡು ಇನ್ನೂ ಕಷ್ಟ.

ಮೊದಲು ಮನೆಯ ನಕ್ಷೆಯ ಮೇಲೆ ಟಿವಿ, ಓದುವ ಮೇಜು, ಗೇಟಿನ ಕ್ಯಾಮೆರಾ, ಸ್ಪೀಕರ್ ಮತ್ತು ಛಾವಣಿಯ ವೈಫೈ ಪಾಯಿಂಟ್‌ಗಳನ್ನು ಗುರುತಿಸಿ. ಟಿವಿಯ ಹಿಂದೆ ಎರಡು ಕೇಬಲ್ ಇರಲಿ. ಒಂದು ಕೋಣೆಯಿಂದ ಮತ್ತೊಂದಕ್ಕೆ ಸರಪಳಿಯಂತೆ ಜೋಡಿಸದೆ, ಪ್ರತಿಯೊಂದು ಕೇಬಲ್ಲೂ ನೇರವಾಗಿ ಒಂದೇ ಕೇಂದ್ರ ಪೆಟ್ಟಿಗೆಗೆ ಬರಬೇಕು.

ಈ ಪೆಟ್ಟಿಗೆಯನ್ನು ತಾರಸಿಯ ಮೆಟ್ಟಿಲುಕೋಣೆಯಲ್ಲಿ ಇಡಲೇಬೇಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಅಲ್ಲಿನ ನೆಟ್‌ವರ್ಕ್ ಸ್ವಿಚ್ (ಎಲ್ಲ ಕೇಬಲ್‌ಗಳನ್ನು ಒಂದುಗೂಡಿಸುವ ಸಾಧನ) ಮತ್ತು ಸ್ಪೀಕರ್‌ನ ಆಂಪ್ಲಿಫೈಯರ್ ಹೆಚ್ಚು ಕಾಲ ಬಾಳುವುದಿಲ್ಲ. ಕೆಳ ಅಂತಸ್ತಿನಲ್ಲಿ, ಬಿಸಿಲು ತಾಗದ ಒಳಗೋಡೆಯ ಬಳಿ, ಗಾಳಿಯಾಡುವಂತೆ ಇಟ್ಟು ಇನ್ವರ್ಟರ್ ಲೈನ್ ಕೊಡಿಸಿ.

ಹೆಚ್ಚಿನವರು ಎಡವುವುದು ಪೈಪಿನ ಹಂತದಲ್ಲಿ. ಕೇಬಲ್ ಹಳತಾದರೆ ಬದಲಿಸಬಹುದು, ಆದರೆ ಕಾಂಕ್ರೀಟಿನಲ್ಲಿ ಹೂತ ಪೈಪನ್ನು ಬದಲಿಸಲಾಗದು. ಸರಳು ಕಟ್ಟಿದ ಮೇಲೆ, ಕಾಂಕ್ರೀಟ್ ಸುರಿಯುವ ಮೊದಲು, 25 ಮಿ.ಮೀ. ಪಿವಿಸಿ ಪೈಪನ್ನು ಕೆಳಗಿನ ಸರಳುಗಳ ಮೇಲೆ ಬೈಂಡಿಂಗ್ ತಂತಿಯಿಂದ ಬಿಗಿಯಬೇಕು. ಕರೆಂಟ್ ಪೈಪಿನಿಂದ ಸುಮಾರು 30 ಸೆಂ.ಮೀ. ದೂರವಿರಬೇಕು, ದಾಟಲೇಬೇಕಾದ ಕಡೆ ಲಂಬಕೋನದಲ್ಲಿ ದಾಟಬೇಕು. ಕರೆಂಟ್ ತಂತಿ, ನೆಟ್‌ವರ್ಕ್ ಕೇಬಲ್ ಎರಡನ್ನೂ ಒಂದೇ ಪೈಪಿನಲ್ಲಿ ತೂರಿಸಿ ಹಣ ಉಳಿಸೋಣ ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ, ಅದು ಅಪಾಯಕಾರಿ. ಚೂಪಾಗಿ ತಿರುಗುವ ಎಲ್ಬೋ ಬದಲು ನಿಧಾನವಾಗಿ ಬಾಗುವ ಬೆಂಡ್ ಬಳಸಿ. ಎರಡು ಬಾಕ್ಸ್‌ಗಳ ನಡುವೆ ಎರಡಕ್ಕಿಂತ ಹೆಚ್ಚು ತಿರುವು ಇದ್ದರೆ ಕೇಬಲ್ ಎಳೆಯುವಾಗ ಸಿಕ್ಕಿಕೊಳ್ಳುತ್ತದೆ. ಪ್ರತಿ ಜೋಡಣೆಗೂ ಸಲ್ಯೂಷನ್ ಹಚ್ಚಿ, ತೆರೆದ ತುದಿಗಳಿಗೆ ಬಟ್ಟೆ ತುರುಕಿ ಟೇಪ್ ಸುತ್ತಿ. ಇಲ್ಲವಾದರೆ ಸಿಮೆಂಟ್ ಹಾಲು ಒಳಗೆ ಇಳಿದು ಗಟ್ಟಿಯಾಗುತ್ತದೆ. ಮುಂದೆ ಕೇಬಲ್ ಎಳೆಯಲು ಪೈಪಿನೊಳಗೆ ಮೊದಲೇ ಒಂದು ಎಳೆ ಬಿಟ್ಟಿರಬೇಕು. ಕ್ಯೂರಿಂಗ್ ನೀರು ಇಳಿದರೆ ಕಬ್ಬಿಣದ ತಂತಿ ತುಕ್ಕು ಹಿಡಿಯುವುದರಿಂದ ನಾನು ನೈಲಾನ್ ಹಗ್ಗವನ್ನೇ ಹಾಕಿಸುತ್ತೇನೆ. ಸ್ಲ್ಯಾಬಿನ ದಿನ ಮನೆಯವರೊಬ್ಬರು ಅಲ್ಲೇ ನಿಂತು, ಕೆಲಸಗಾರರ ಕಾಲಿಗೋ ವೈಬ್ರೇಟರ್‌ಗೋ ಪೈಪ್ ಕಳಚಿದೆಯೇ ಎಂದು ಆ ಹಗ್ಗವನ್ನು ಎಳೆದೆಳೆದು ನೋಡಬೇಕು. ಬಿಗಿಯಾದರೆ, ಹಸಿ ಕಾಂಕ್ರೀಟ್ ಸರಿಸಿ ಆಗಲೇ ಸರಿಪಡಿಸಲು ಸಾಧ್ಯ.

ಪ್ಲಾಸ್ಟರ್ ಒಣಗಿದ ಮೇಲೆ ಕೇಬಲ್ ಎಳೆಸಿ. ಕ್ಯಾಟ್-6 ದರ್ಜೆಯ ನೆಟ್‌ವರ್ಕ್ ಕೇಬಲ್ ಸಾಕು, 100 ಮೀಟರ್‌ವರೆಗೆ ಅದು ಸೆಕೆಂಡಿಗೆ 1 ಗಿಗಾಬಿಟ್ ವೇಗ ಕೊಡುತ್ತದೆ. ಆದರೆ ಅಗ್ಗದ ಪೆಟ್ಟಿಗೆಗಳಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಬರುತ್ತದೆ. ಅದು ಬೇಗ ಮುರಿಯುತ್ತದೆ, ಕ್ಯಾಮೆರಾಕ್ಕೆ ಅದೇ ಕೇಬಲ್ಲಿನಲ್ಲಿ ವಿದ್ಯುತ್ ಕೊಟ್ಟರೆ ಹೆಚ್ಚು ಬಿಸಿಯಾಗುತ್ತದೆ. ಅಂಗಡಿಯಲ್ಲೇ ಎಳೆಯೊಂದನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಕೊಳ್ಳಬೇಡಿ.

ಸ್ಪೀಕರ್‌ಗೆ ಬೇರೆಯೇ ಲೆಕ್ಕವಿದೆ. ತಂತಿಯ ರೋಧ (ವಿದ್ಯುತ್ ಹರಿವಿಗೆ ಒಡ್ಡುವ ತಡೆ, ಇದನ್ನು ಓಮ್‌ನಲ್ಲಿ ಅಳೆಯುತ್ತಾರೆ) ಸ್ಪೀಕರಿನ ರೋಧದ ಶೇ 5ರೊಳಗೆ ಇರಲಿ. 20 ಮೀಟರ್ ದೂರದ 8 ಓಮ್ ಸ್ಪೀಕರ್‌ಗೆ 1.5 ಚದರ ಮಿ.ಮೀ. ತಂತಿ ಎಳೆದರೆ, ಹೋಗಿ ಬರುವ 40 ಮೀಟರಿಗೆ ಸುಮಾರು ಅರ್ಧ ಓಮ್ ಆಗುತ್ತದೆ, ಅಂದರೆ ಶೇ 6. ಅದೇ 2.5 ಚದರ ಮಿ.ಮೀ. ತಂತಿಯಲ್ಲಿ ಶೇ 4ರೊಳಗೆ ನಿಲ್ಲುತ್ತದೆ. ದೂರದ ಕೋಣೆಗಳಿಗೆ ದಪ್ಪ ತಂತಿಯನ್ನೇ ಹಾಕಿಸಿ.

ನೆಟ್‌ವರ್ಕ್ ಕೇಬಲ್ಲಿನ ತುದಿ ಕಟ್ಟುವಾಗ ಜೋಡಿ ಎಳೆಗಳ ಹೊಸೆತವನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು. ಟೆಸ್ಟರ್‌ನಲ್ಲಿ ಎಂಟೂ ಎಳೆಗಳನ್ನು ಪರೀಕ್ಷಿಸಿ, ಪ್ರತಿ ಕೇಬಲ್ಲಿನ ಎರಡೂ ತುದಿಗಳಿಗೆ ಒಂದೇ ಸಂಖ್ಯೆ ಬರೆದು, ಯಾವ ಸಂಖ್ಯೆ ಯಾವ ಕೋಣೆಯದು ಎಂಬ ಪಟ್ಟಿಯನ್ನು ಕೇಂದ್ರ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿ.